ನಿವೃತ್ತಿಯ ನಂತರ ನಮಗಾಗಿ ನಾವು ಮಾಡಿಕೊಳ್ಳುವ ಖರ್ಚು ದಂಡವೇ?

ಮಾಳಮಡ್ಡಿಯವ | ಸೋಮವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಚರ್ಚೆಗಳನ್ನು ಬಹಳ ದಿನಗಳಿಂದ ಓದುತ್ತ ಬಂದಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮೂವತ್ನಾಲ್ಕು ವರ್ಷ ಸರಕಾರಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿ, ಅರವತ್ತು ತುಂಬಿದ್ದರಿಂದ ಕಳೆದ ಮೇ 31ಕ್ಕೆ ನಿವೃತ್ತನಾದೆ. ಅದೇ ಬೇಸಿಗೆಯಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ಹಂಚಿನ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಮಾರಾಟವಾಯಿತು. ನಾನು ಮತ್ತು ನನ್ನ ಮನೆಯವರು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಮೂರನೆಯ ಮಹಡಿಯ ಫ್ಲ್ಯಾಟಿಗೆ ಬಂದೆವು. ಮಗ ಪುಣೆಯಲ್ಲಿದ್ದಾನೆ, ಮಗಳು ಮದುವೆಯಾಗಿ ಎರಡು ವರ್ಷವಾಯಿತು.

ಈಗಲೂ ಬೆಳಿಗ್ಗೆ ಒಂಬತ್ತೂವರೆಯಾಯಿತೆಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು, ಹೋಗುವುದೆಲ್ಲಿಗೆ ಎಂದು ತಿಳಿಯದೆ ಬಾಲ್ಕನಿಯಲ್ಲಿ ನಿಲ್ಲುತ್ತೇನೆ. ಹೊಸ ಬದುಕಿಗೆ ಹೊಂದಿಕೊಳ್ಳಬೇಕು, ಮನಸ್ಸನ್ನು ಉಲ್ಲಾಸದಲ್ಲಿಟ್ಟುಕೊಳ್ಳಬೇಕು ಎಂದು ನಿರ್ಧರಿಸಿ, ಬಂದ ಹಣದಲ್ಲಿ ಸ್ವಲ್ಪವನ್ನು ನನಗಾಗಿ ಖರ್ಚು ಮಾಡಿದೆ. ಮನೆಯಲ್ಲೇ ನಡೆಯುವ ಟ್ರೆಡ್‌ಮಿಲ್‌ಗೆ 38,000 ರೂಪಾಯಿ, ಸಕಾರಾತ್ಮಕವಾಗಿ ಬದುಕುವುದನ್ನು ಕಲಿಸುವ ಆನ್‌ಲೈನ್ ತರಗತಿಗೆ 12,000, ಹೆಜ್ಜೆ ಎಣಿಸುವ ಕೈಗಡಿಯಾರಕ್ಕೆ 4,500, ಒಟ್ಟು 54,500 ರೂಪಾಯಿ. ಟ್ರೆಡ್‌ಮಿಲ್ ಮೇಲೆ ಈಗ ಟವೆಲ್‌ಗಳು ಒಣಗುತ್ತಿವೆ. ತರಗತಿಯ ಹನ್ನೊಂದು ವಿಡಿಯೋಗಳಲ್ಲಿ ಮೂರನ್ನು ನೋಡಿದ್ದೇನೆ. ಗಡಿಯಾರ ಸಮಯವನ್ನು ಸರಿಯಾಗಿಯೇ ತೋರಿಸುತ್ತದೆ.

ನಮ್ಮ ಮನೆಯವರು, “ಇಷ್ಟು ರೊಕ್ಕ ದಂಡ ಮಾಡೂದು ಬಿಟ್ಟು ಕೆಳಗಿಳದು ಹೋಗಿ ನಾಲ್ಕ ಮಂದಿ ಕೂಡ ಮಾತಾಡ್ರಿ” ಎನ್ನುತ್ತಾರೆ. ಮಗ ಮಾತ್ರ, “ಅಪ್ಪಾ, ಇದು ಖರ್ಚಲ್ಲ, ನಿಮ್ಮ ಆರೋಗ್ಯದ ಮೇಲಿನ ಹೂಡಿಕೆ” ಎನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತು ಸರಿ? ಕೆಲಸ, ಮನೆ, ಮಕ್ಕಳು ಎಲ್ಲವೂ ಒಟ್ಟಿಗೇ ಬದಲಾದಾಗ ನೀವು ಮನಸ್ಸನ್ನು ಹೇಗೆ ಹದದಲ್ಲಿಟ್ಟುಕೊಂಡಿರಿ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉಣಕಲ್ ದಂಡೆ | ಸೋಮವಾರ, ರಾತ್ರಿ 9.41

ನಿಮ್ಮ ಮನೆಯವರ ಮಾತೇ ಸರಿ. ಬಿಸಿಲು ಏರುವ ಮೊದಲು ಉಣಕಲ್ ಕೆರೆಯ ಕಡೆ ಬನ್ನಿ, ಅಷ್ಟು ದೂರವೆನಿಸಿದರೆ ನಿಮಗೆ ಹತ್ತಿರದಲ್ಲೇ ತೋಳನಕೆರೆ ಇದೆ. ಕಾಲಿಗೆ ಒಂದು ಜೊತೆ ಒಳ್ಳೆಯ ಬೂಟಿದ್ದರೆ ಸಾಕು.

ರೈಲು ಕಾಕಾ | ಸೋಮವಾರ, ರಾತ್ರಿ 10.05

ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮೂರು ಕಿಲೋಮೀಟರ್ ಆಯಿತು. ಮೇಲೆ ನೆರಳಿದೆ, ಚಹಾ ಸಿಗುತ್ತದೆ, ಮಾತನಾಡಲು ಮಂದಿಯೂ ಇರುತ್ತಾರೆ. ಜಗತ್ತಿನ ಅತಿ ಉದ್ದದ ಟ್ರೆಡ್‌ಮಿಲ್ ನಮ್ಮ ಊರಿನಲ್ಲೇ ಇರುವಾಗ 38,000 ರೂಪಾಯಿ ಏಕೆ ಕೊಟ್ಟಿರಿ?

ಲೆಕ್ಕದ ಮನುಷ್ಯ | ಸೋಮವಾರ, ರಾತ್ರಿ 10.12

ಕಾಕಾ ಅವರೇ, ಪ್ಲಾಟ್‌ಫಾರ್ಮ್ ಟಿಕೆಟಿಗೆ ಹತ್ತು ರೂಪಾಯಿ, ಅದರ ಅವಧಿ ಎರಡು ಗಂಟೆ ಮಾತ್ರ. ದಿನಾಲೂ ಹೋದರೆ ತಿಂಗಳಿಗೆ ಮುನ್ನೂರು ರೂಪಾಯಿಯಾಗುತ್ತದೆ. ಜೊತೆಗೆ ಚಹಾ ಮತ್ತು ಮಿರ್ಚಿ ಭಜಿಯ ಖರ್ಚನ್ನೂ ಹಿಡಿಯಿರಿ. ಭಜಿ ತಿಂದವನು ಎಷ್ಟು ಸಲ ನಡೆದರೂ ಲೆಕ್ಕ ಹೊಂದುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಮಾಳಮಡ್ಡಿಯವರು ಲೆಕ್ಕಪತ್ರದಲ್ಲಿದ್ದವರಾದ್ದರಿಂದ ಅವರದೇ ಭಾಷೆಯಲ್ಲಿ ಹೇಳುವುದು ಒಳ್ಳೆಯದು. ನಿವೃತ್ತಿಯ ಹೊತ್ತಿಗೆ ಮನಸ್ಸಿಗೆ ದೊಡ್ಡ ಭಯವಾಗಿ ಕಾಡುವುದು ತಿಂಗಳ ಕೊನೆಗೆ ಪಗಾರ ಬರದಿರುವುದು. ಆ ಭಯವಿರುವವರೆಗೆ ಯಾವ ಯೋಗವೂ ಧ್ಯಾನವೂ ಹತ್ತುವುದಿಲ್ಲ. ನಾನು ನಿವೃತ್ತನಾದಾಗ ಮೊದಲು ಮಾಡಿದ ಕೆಲಸವೆಂದರೆ ಅಂಚೆ ಕಚೇರಿಗೆ ಹೋಗಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹಣವಿಟ್ಟದ್ದು. ಅದರ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ದಾರೆ. ಹಣವಿಟ್ಟ ದಿನದ ಬಡ್ಡಿದರವೇ ಐದು ವರ್ಷವೂ ನಡೆಯುತ್ತದೆ, ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಖಾತೆಗೆ ಹಾಕುತ್ತಾರೆ. ನಾನಿಟ್ಟಾಗ ದರ ನೂರಕ್ಕೆ 8.2 ಇತ್ತು. ಆ ದರದಲ್ಲಿ ಮಿತಿಯ ಪೂರ್ತಿ ಇಟ್ಟವರಿಗೆ ಪ್ರತಿ ಮೂರು ತಿಂಗಳಿಗೆ 61,500 ರೂಪಾಯಿ ಬರುತ್ತದೆ. ಅದು ಪಗಾರವಲ್ಲ, ನಿಜ, ಆದರೆ ದಿನಾಂಕ ಗೊತ್ತಿರುವ ಹಣವಾದ್ದರಿಂದ ರಾತ್ರಿ ನಿದ್ದೆ ಬರುತ್ತದೆ.

ಇನ್ನು ನಿಮ್ಮ 54,500 ರೂಪಾಯಿಯನ್ನು ನಾನು ಹೂಡಿಕೆ ಎಂದು ಬರೆಯಲಾರೆ. ಅಂಗಡಿಯಿಂದ ಮನೆಯ ಬಾಗಿಲಿಗೆ ಬರುವುದರೊಳಗೆ ಅರ್ಧ ಬೆಲೆ ಕಳೆದುಕೊಳ್ಳುವ ವಸ್ತುವನ್ನು ಸವಕಳಿಯ ಕಲಮಿನಲ್ಲಿ ಬರೆಯಬೇಕು. ಆರೋಗ್ಯದ ಖರ್ಚು ಒಮ್ಮೆಲೇ ಆಗಬಾರದು. ಹಾಲಿನ ಬಿಲ್ಲು, ವಿದ್ಯುತ್ತಿನ ಬಿಲ್ಲು ಇದ್ದಂತೆ ತಿಂಗಳ ಖರ್ಚಿನಲ್ಲಿ ಅದಕ್ಕೊಂದು ಸಾಲು ಇರಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿರುವವರು ಆರೋಗ್ಯ ವಿಮೆಯ ಕಲಮಿನ ಒಟ್ಟು ಮಿತಿಯೊಳಗೆ ಮುಂಜಾಗ್ರತಾ ಆರೋಗ್ಯ ತಪಾಸಣೆಗೆ 5,000 ರೂಪಾಯಿಯವರೆಗೆ ವಿನಾಯಿತಿ ಪಡೆಯಬಹುದು, ಅದನ್ನು ನಗದಿನಲ್ಲಿ ಕೊಟ್ಟಿದ್ದರೂ ನಡೆಯುತ್ತದೆ ಎಂಬುದನ್ನೂ ನೆನಪಿಡಿ.

ಬ್ಯಾಡಗಿ ಕೆಂಪು | ಸೋಮವಾರ, ರಾತ್ರಿ 10.50

ಕ್ಷಮಿಸಿ, ಕಟುವಾಗಿ ಹೇಳುತ್ತಿದ್ದೇನೆ. ಇದೆಲ್ಲ ಪಗಾರದವರ ಚಿಂತೆ. ನಮ್ಮ ತಂದೆಗೆ 74 ವರ್ಷ. ಇಂದಿಗೂ ಮೆಣಸಿನ ಗಿಡದ ಸಾಲಿನಲ್ಲಿ ನಿಂತು ಆಳುಗಳಿಗೆ ಕೆಲಸ ಹೇಳುತ್ತಾರೆ. ಅವರಿಗೆ ನಿವೃತ್ತಿ ಎಂಬ ಶಬ್ದವೇ ಗೊತ್ತಿಲ್ಲ, ಮನಸ್ಸು ಖಾಲಿಯಾಗಿದೆ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಹೊಲಕ್ಕೆ ಹೋಗುವವನಿಗೆ ಹೆಜ್ಜೆ ಎಣಿಸುವ ಗಡಿಯಾರ ಬೇಕಾಗಿಲ್ಲ.

ಹಿರೇಕೆರೂರಿನ ಸೊಸೆ | ಮಂಗಳವಾರ, ಬೆಳಿಗ್ಗೆ 6.30

ಬ್ಯಾಡಗಿಯವರೇ, ಹೇಳಿದವರಲ್ಲ ಎಂದರೆ ಇಲ್ಲವೆಂದೇ ಅರ್ಥವಾಗುವುದಿಲ್ಲ. ನಮ್ಮ ಮಾವನವರೂ ರೈತರೇ. ಮೊಣಕಾಲು ಕೈಕೊಟ್ಟಾಗ ಹೊಲವನ್ನು ಲಾವಣಿಗೆ ಕೊಟ್ಟು ಮನೆಯಲ್ಲಿ ಕುಳಿತರು. ನಾಲ್ಕೈದು ತಿಂಗಳಲ್ಲಿ ಮಾತೇ ನಿಂತುಹೋಯಿತು. ಕಟ್ಟೆಗೆ ಹೋಗುವುದನ್ನು ಬಿಟ್ಟರು, ಮೊಮ್ಮಗ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ವಯಸ್ಸಾಯಿತು, ಹೊಲದ ಚಿಂತೆ ಹಚ್ಚಿಕೊಂಡಿದ್ದಾರೆ ಎಂದು ಎಲ್ಲರೂ ತಿಳಿದೆವು. ನನ್ನ ಅತ್ತೆಯವರು ಅವರಿಗಾಗಿ ಎರಡು ಗುಡಿಗೆ ಹರಕೆಯನ್ನೂ ಹೊತ್ತರು. ಒಂದು ದಿನ ಅವರ ಬೆನ್ನ ಹಿಂದೆ ಸ್ಟೀಲಿನ ಪರಾತ ಕೈಜಾರಿ ಬಿದ್ದಾಗ ಇಡೀ ಮನೆ ಬೆಚ್ಚಿಬಿತ್ತು, ಅವರು ಮಾತ್ರ ಕದಲಲಿಲ್ಲ. ಆಗ ನಮಗೆ ಹೊಳೆಯಿತು, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕಟ್ಟೆಯ ಮೇಲೆ ಮಂದಿ ನಕ್ಕರೆ ತಮ್ಮನ್ನು ಕಂಡೇ ನಗುತ್ತಾರೆಂದು ಅವರು ತಿಳಿದುಕೊಂಡಿದ್ದರಂತೆ.

ಕಿವಿಗೆ ಯಂತ್ರ ಹಾಕಿಸಿದೆವು. ಮೊದಲ ವಾರ ಕಿತ್ತು ಕಿತ್ತು ಇಡುತ್ತಿದ್ದರು, ಈಗ ಅದಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಸೊಸೆಯಂದಿರು ದಿನವಿಡೀ ಇಷ್ಟು ಮಾತನಾಡುತ್ತಾರೆಂದು ತಮಗೆ ಗೊತ್ತೇ ಇರಲಿಲ್ಲ ಎಂಬುದು ಅವರ ಹೊಸ ದೂರು. ಆದ್ದರಿಂದ ಯಂತ್ರಕ್ಕೆ ಹಾಕಿದ ಹಣವೆಲ್ಲ ದಂಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಯಂತ್ರ, ಯಾವುದಕ್ಕೆ ಎಂಬುದು ಮುಖ್ಯ.

ಬೆಟಗೇರಿ ಟೀಚರ್ | ಮಂಗಳವಾರ, ಮಧ್ಯಾಹ್ನ 2.15

ಮಾಳಮಡ್ಡಿಯ ಸರ್, ನಿಮ್ಮ ಬಾಲ್ಕನಿಯ ಮಾತನ್ನು ಓದಿ ನನಗೆ ನನ್ನದೇ ಕಥೆ ನೆನಪಾಯಿತು. ಶಾಲೆಯಿಂದ ನಿವೃತ್ತಳಾಗುವ ಎರಡು ವರ್ಷ ಮೊದಲು ನಮ್ಮ ಯಜಮಾನರು ತೀರಿಕೊಂಡರು. ಶಾಲೆ ಇರುವವರೆಗೆ ದಿನ ಹೇಗೋ ಸಾಗುತ್ತಿತ್ತು. ನಿವೃತ್ತಿಯಾದ ಮೇಲೆ ಸಂಜೆ ನಾಲ್ಕು ಗಂಟೆ ಎಂಬ ಹೊತ್ತೇ ನನಗೆ ಶತ್ರುವಾಯಿತು. ಶಾಲೆ ಬಿಡುವ ಹೊತ್ತು, ಅವರು ಕಚೇರಿಯಿಂದ ಬರುವ ಹೊತ್ತು, ಎರಡು ಲೋಟ ಚಹಾ ಇಡುವ ಹೊತ್ತು ಎಲ್ಲವೂ ಅದೇ ಆಗಿತ್ತು.

ಗದಗಿನಲ್ಲಿ ಸಂಗೀತಕ್ಕೇನೂ ಕೊರತೆಯಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ತರುಣರೊಬ್ಬರು ನಮ್ಮ ಓಣಿಯ ಹತ್ತಿರ ಹಾರ್ಮೋನಿಯಂ ಕಲಿಸುತ್ತಾರೆ. ಅವರು ನನ್ನ ಮಗನಿಗಿಂತ ಚಿಕ್ಕವರು. ತಿಂಗಳಿಗೆ 600 ರೂಪಾಯಿ ಕೊಟ್ಟು ಮಂಗಳವಾರ ಮತ್ತು ಶುಕ್ರವಾರ ಸರಿಯಾಗಿ ನಾಲ್ಕು ಗಂಟೆಗೆ ಹೋಗತೊಡಗಿದೆ. ಮೊದಲ ತಿಂಗಳು ಎಡಗೈಯಿಂದ ತಿದಿ ಒತ್ತುತ್ತ, ಬಲಗೈಯ ಒಂದೇ ಬೆರಳಿನಿಂದ ಷಡ್ಜ ಹಿಡಿದು ಕೂರುವುದಷ್ಟೇ ಪಾಠ. ಸ್ವರ ನಿಂತರೆ ಕಣ್ಣಲ್ಲಿ ನೀರು ಬರುತ್ತಿತ್ತು, ನೀರು ಬಂದರೆ ಕೈ ನಿಲ್ಲುತ್ತಿತ್ತು. ಆ ಹುಡುಗ ನನ್ನ ಮುಖವನ್ನೂ ನೋಡದೆ, “ಅಕ್ಕಾರ, ಅಳ್ರಿ ಬೇಕಾದ್ರ, ತಿದಿ ಮಾತ್ರ ನಿಲ್ಲಸಬ್ಯಾಡ್ರಿ” ಎಂದ. ಅಷ್ಟೇ, ಬೇರೆ ಯಾವ ಸಾಂತ್ವನವನ್ನೂ ಹೇಳಲಿಲ್ಲ.

ನನಗೆ ಇವತ್ತಿಗೂ ಒಂದು ರಾಗ ನೆಟ್ಟಗೆ ಬರುವುದಿಲ್ಲ. ಆದರೆ ಒಂದು ದಿನ ತಪ್ಪಿಸಿದರೆ ನಾಲ್ಕೂ ಐದಕ್ಕೆ ಅವನ ಫೋನು ಬರುತ್ತದೆ. ನಿಮ್ಮ 12,000 ರೂಪಾಯಿಯ ವಿಡಿಯೋ ನೀವು ನೋಡದಿದ್ದರೆ ಯಾವಾಗಲಾದರೂ ಫೋನು ಮಾಡಿತೇ?

ಲೆಕ್ಕದ ಮನುಷ್ಯರಿಗೂ ಒಂದು ಮಾತು ಹೇಳಬೇಕು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸೇರಿ ಸಹಕಾರಿ ಪತ್ತಿನ ಸಂಘ ಕಟ್ಟಿದರು, ಏಷ್ಯದಲ್ಲೇ ಅಂಥದು ಮೊದಲನೆಯದು ಎಂದು ಹೆಸರಾಯಿತು. ಒಬ್ಬನಿಗೆ ಸಾಲ ಹುಟ್ಟದ ಕಾಲದಲ್ಲಿ ಹತ್ತು ಮಂದಿಯ ಷೇರು ಕೂಡಿದ್ದರಿಂದ ಕೆಲಸವಾಯಿತು. ನೀವು ಅಂಚೆ ಕಚೇರಿಯ ಲೆಕ್ಕ ಹೇಳಿದ್ದು ಸರಿಯೇ, ಆದರೆ ಅದು ಒಬ್ಬರ ಖಾತೆ. ನನಗೆ ಬೇಕಾಗಿದ್ದದ್ದು ಪಾಲುದಾರರು.

ಲೆಕ್ಕದ ಮನುಷ್ಯ | ಮಂಗಳವಾರ, ಮಧ್ಯಾಹ್ನ 2.40

ಟೀಚರ್ ಅವರ ತಿದ್ದುಪಡಿಯನ್ನು ಒಪ್ಪಿದೆ. ತಿಂಗಳಿಗೆ 600 ರೂಪಾಯಿಯೆಂದರೆ ವರ್ಷಕ್ಕೆ 7,200. ವಿಡಿಯೋ ತರಗತಿಗಿಂತ 4,800 ಕಡಿಮೆ ಎಂಬುದನ್ನೂ ದಾಖಲಿಸುತ್ತೇನೆ.

ನವನಗರ | ಮಂಗಳವಾರ, ಸಂಜೆ 5.30

ಇಲ್ಲಿ ಎಲ್ಲರೂ ಹಿರಿಯರೇ ಮಾತನಾಡುತ್ತಿದ್ದೀರಿ. ನನಗೆ 27 ವರ್ಷ. ಬದುಕಿನ ಬದಲಾವಣೆ ಅರವತ್ತಕ್ಕೇ ಬರಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿದ್ದ ಕೆಲಸ ಕಳೆದ ವರ್ಷ ಹೋಯಿತು. ಕೆಲಸದಿಂದ ತೆಗೆಯುವ ವಿಡಿಯೋ ಸಭೆಯಲ್ಲಿ ಮೇಲಿನವರು ಕೊನೆಗೆ ಹೇಳಿದ ಮಾತು, “ಪಾಸಿಟಿವ್ ಆಗಿರಿ.” ಅಂದಿನಿಂದ ಆ ಶಬ್ದ ಕೇಳಿದರೆ ನನಗೆ ಹೊಟ್ಟೆ ತೊಳೆಸುತ್ತದೆ.

ಮನೆಗೆ ಬಂದ ಮೇಲೆ ಎರಡು ವಾರ ಕೋಣೆಯಿಂದ ಹೊರಬರಲಿಲ್ಲ. ಅವ್ವ ಏನೂ ಉಪದೇಶ ಮಾಡಲಿಲ್ಲ. ಒಂದು ಬೆಳಿಗ್ಗೆ ಜೋಳದ ಡಬ್ಬಿಯನ್ನು ನನ್ನ ಹಾಸಿಗೆಯ ಪಕ್ಕ ಇಟ್ಟು, ಗಿರಣಿಗೆ ಹೋಗಿ ಬಾ ಎಂದಳು. ಹೋದೆ. ಸಾಲಿನಲ್ಲಿ ನನ್ನ ಮುಂದೆ ಏಳು ಡಬ್ಬಿಗಳಿದ್ದವು. ಗಿರಣಿಯ ಸದ್ದಿನಲ್ಲಿ ಯಾರೂ ಯಾರನ್ನೂ ಏನು ಕೆಲಸ ಮಾಡುತ್ತೀ ಎಂದು ಕೇಳಲಾರರು, ಅದು ಅಲ್ಲಿಯ ದೊಡ್ಡ ಅನುಕೂಲ. ಬಿಸಿ ಹಿಟ್ಟಿನ ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ಬರುವಾಗ ಆ ದಿನ ಒಂದು ಕೆಲಸವಾದರೂ ಮುಗಿಯಿತು ಎನಿಸಿತು. ಮರುದಿನ ಅವ್ವ ಗೋದಿಯ ಡಬ್ಬಿ ಇಟ್ಟಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಹಿಟ್ಟು ಖರ್ಚಾಗುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಹಾಗೆಂದು ಟ್ರೆಡ್‌ಮಿಲ್ಲನ್ನು ಎಲ್ಲರೂ ಸೇರಿ ಬೈಯುವುದೂ ಸರಿಯಲ್ಲ. ಮಳೆಗಾಲದಲ್ಲಿ ಗೋಕುಲ ರಸ್ತೆಯ ಬದಿಯಲ್ಲಿ ನಡೆದು ನೋಡಿ, ಆಮೇಲೆ ಮಾತನಾಡೋಣ.

ಸಪ್ತಾಪುರದ ವೈದ್ಯೆ | ಮಂಗಳವಾರ, ರಾತ್ರಿ 9.00

ಪರೀಕ್ಷಿಸದೆ ಯಾರೊಬ್ಬರ ಬಗ್ಗೆಯೂ ಹೇಳುವಂತಿಲ್ಲ, ಆದ್ದರಿಂದ ಸಾಮಾನ್ಯವಾಗಿ ಕೆಲವು ವಿಷಯಗಳನ್ನು ಹೇಳುತ್ತೇನೆ.

ಉತ್ಸಾಹವಿಲ್ಲ, ದಣಿವು, ಮಂಕು ಎಂದು ಬರುವ ಅರವತ್ತರ ಆಸುಪಾಸಿನವರಿಗೆ ನಾನು ಮೊದಲು ಥೈರಾಯ್ಡ್, ಬಿ12, ಸಕ್ಕರೆ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ಹೇಳುತ್ತೇನೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದರೆ ಮನಸ್ಸೂ ಕುಗ್ಗುತ್ತದೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರಲ್ಲಿ, ಬಿ12 ಕೊರತೆ ಆಗಾಗ ಕಂಡುಬರುತ್ತದೆ. ರಕ್ತದಲ್ಲಿರುವ ಕೊರತೆಯನ್ನು ಸಕಾರಾತ್ಮಕ ಚಿಂತನೆಯಿಂದ ತುಂಬಲಾಗದು. ಹಿರೇಕೆರೂರಿನವರು ಹೇಳಿದ ಕಿವಿಯ ಸಂಗತಿಯೂ ಅಷ್ಟೇ ಮುಖ್ಯವಾದದ್ದು. ಕೇಳಿಸದವರು ಮೆಲ್ಲಗೆ ಮಂದಿಯಿಂದ ದೂರ ಸರಿಯುತ್ತಾರೆ, ಮನೆಯವರಿಗೆ ಅದು ಕೋಪವೆಂದೋ ವೈರಾಗ್ಯವೆಂದೋ ಕಾಣುತ್ತದೆ.

ಎರಡನೆಯ ಮಾತು. ಮನೆ ಬಿಟ್ಟ ದುಃಖ, ಕೆಲಸ ಬಿಟ್ಟ ದುಃಖ ರೋಗವಲ್ಲ. ಆದರೆ ಎರಡು ವಾರಕ್ಕೂ ಮೇಲ್ಪಟ್ಟು ಹೆಚ್ಚು ಕಡಿಮೆ ಪ್ರತಿದಿನವೂ ಮನಸ್ಸು ಕುಸಿದೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ ಮತ್ತು ಹಸಿವು ಕೆಟ್ಟರೆ ತಡಮಾಡದೆ ತೋರಿಸಿಕೊಳ್ಳಬೇಕು. ಬದುಕೇ ಬೇಡವೆಂಬ ಯೋಚನೆ ಬಂದರಂತೂ ಎರಡು ವಾರ ಕಾಯುವ ಮಾತೇ ಇಲ್ಲ. ನಮ್ಮ ಸೀಮೆಯಲ್ಲಿ “ಇವನನ್ನ ಧಾರವಾಡಕ್ಕ ಒಯ್ಯಬೇಕು” ಎಂಬ ಹಳೆಯ ಕುಹಕವೊಂದಿದೆ. ಆ ಕುಹಕಕ್ಕೆ ಹೆದರಿ ಎಷ್ಟೋ ಮಂದಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಎದುರಿಗೇ ಬಸ್ಸಿನಲ್ಲಿ ಓಡಾಡುತ್ತ ಒಳಗೆ ಮಾತ್ರ ಬರುವುದಿಲ್ಲ. ಬರಲು ಸಂಕೋಚವಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನವನಗರದವರ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಮನಸ್ಸು ಬಂದ ಮೇಲೆ ಹೊರಡುತ್ತೇನೆ ಎಂದು ಕುಳಿತವರು ಹೊರಡುವುದೇ ಇಲ್ಲ, ಹೊರಟ ಮೇಲೆ ಮನಸ್ಸು ಹಿಂದಿನಿಂದ ಬರುತ್ತದೆ. ನಮ್ಮ ಚಿಕಿತ್ಸೆಯಲ್ಲಿ ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಎಂದು ಉದ್ದನೆಯ ಹೆಸರಿದೆ. ಅವರು ಅದನ್ನು ಜೋಳದ ಡಬ್ಬಿಯಲ್ಲೇ ಮಾಡಿದ್ದಾರೆ.

ನಡಿಗೆಯ ಬಗ್ಗೆ ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ, ಅಂದರೆ ಮಾತನಾಡಲು ಸಾಧ್ಯವಾದರೂ ಹಾಡಲು ಉಸಿರು ಸಾಲದಷ್ಟು ಬಿರುಸು. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲ ಕಾಯುವ ವ್ಯಾಯಾಮವನ್ನೂ ಮಾಡಬೇಕು, ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂದು ಆ ಸಲಹೆಯಲ್ಲಿ ಹೇಳಿಲ್ಲ.

ಸಾಧನಕೇರಿ | ಮಂಗಳವಾರ, ರಾತ್ರಿ 10.20

ನನಗೆ ಈ ಇಡೀ ಚರ್ಚೆಯಲ್ಲಿ ಒಂದು ಸಂಗತಿ ವಿಚಿತ್ರವೆನಿಸಿತು. ಮಾಳಮಡ್ಡಿಯವರು ಟ್ರೆಡ್‌ಮಿಲ್ಲಿಗೆ ಇಷ್ಟು ಸಾಲು ಬರೆದರು, ಮನೆ ಮಾರಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದರು. ಓದಿದವರೂ ಆ ಸಾಲಿನ ಹತ್ತಿರ ನಿಲ್ಲಲಿಲ್ಲ. ಅರವತ್ತು ವರ್ಷ ಓಡಾಡಿದ ಪಡಸಾಲೆ ಕೈಬಿಟ್ಟುಹೋದರೆ ಮನಸ್ಸು ಉಲ್ಲಾಸವಾಗಿರಬೇಕೆಂದು ಏಕೆ ಹಟ ಹಿಡಿಯಬೇಕು? ಬೆಳಿಗ್ಗೆ ಎದ್ದರೆ ವಾಟ್ಸ್ಯಾಪಿನಲ್ಲಿ ಸೂರ್ಯೋದಯದ ಚಿತ್ರದೊಂದಿಗೆ ಬರುವ ಶುಭನುಡಿಗಳು ನಮ್ಮನ್ನೆಲ್ಲ ಹಾಳು ಮಾಡಿವೆ. ಅಳು ಬಂದರೆ ತಪ್ಪು ಮಾಡಿದೆವೇನೋ ಎಂದು ಅಂಜುವ ಸ್ಥಿತಿಗೆ ಬಂದಿದ್ದೇವೆ. ಸರ್, ನಿಮ್ಮ ಮನೆಯ ಹಿತ್ತಿಲಿನಲ್ಲಿ ಏನೇನಿತ್ತು ಎಂದು ನಮಗೆ ಹೇಳಿ.

ನವಲಗುಂದದ ಅಕ್ಕ | ಬುಧವಾರ, ಬೆಳಿಗ್ಗೆ 11.10

ರೊಟ್ಟಿ ಬಡಿದು ಮುಗಿಸಿ ಕುಳಿತು ಎಲ್ಲವನ್ನೂ ಓದಿದೆ. ನಾನು ಒಂದೇ ಲೆಕ್ಕ ಕೇಳುತ್ತೇನೆ. ಆ 54,500ರಲ್ಲಿ ನಿಮ್ಮ ಮನೆಯವರ ಪಾಲು ಎಷ್ಟು?

ಕೆಲಸ ಬಿಟ್ಟದ್ದು ನೀವೊಬ್ಬರೇ ಇರಬಹುದು, ಆದರೆ ಊರು ಬಿಟ್ಟವರು ಇಬ್ಬರು. ಮೂವತ್ತು ವರ್ಷ ಬಾಗಿಲಲ್ಲಿ ನಿಂತು ಮಾತನಾಡಿದ ನೆರೆಯವರು, ಉದ್ದರಿ ಕೊಡುತ್ತಿದ್ದ ಕಿರಾಣಿ ಅಂಗಡಿ, ಹೂವಿನವಳು, ಸಂಜೆಯ ಭಜನೆ ಎಲ್ಲವನ್ನೂ ಅವರು ಬಿಟ್ಟು ಬಂದಿದ್ದಾರೆ. ಬಂದ ಮೇಲೆ ಅವರ ಕೆಲಸವೇನಾದರೂ ಕಡಿಮೆಯಾಯಿತೇ? ಮೊದಲು ನೀವು ಮನೆಯಲ್ಲಿ ಇರದ ಎಂಟು ತಾಸು ಅವರದಾಗಿತ್ತು. ಈಗ ಆ ಎಂಟು ತಾಸಿನಲ್ಲೂ ಚಹಾ ಕೇಳುವವರು ಒಬ್ಬರು ಮನೆಯಲ್ಲೇ ಇದ್ದಾರೆ. ನಾಲ್ಕು ಮಂದಿಯೊಡನೆ ಮಾತನಾಡಿರಿ ಎಂದು ಅವರು ನಿಮಗೆ ಹೇಳಿದರಲ್ಲ, ಅದು ನಿಮ್ಮೊಬ್ಬರಿಗೇ ಹೇಳಿದ ಮಾತೆಂದು ನನಗೆ ಅನಿಸುವುದಿಲ್ಲ.

ನಾವು ಆರು ಮಂದಿ ಹೆಂಗಸರು 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ತಿಂಗಳಿಗೆ ಒಂದು ಸಲ ಬಸ್ಸು ಹತ್ತುತ್ತೇವೆ. ಸವದತ್ತಿಯ ಗುಡ್ಡಕ್ಕೆ ಹೋಗಿದ್ದೇವೆ, ಗದಗಿನ ವೀರನಾರಾಯಣನ ಗುಡಿಗೆ, ಶಿಶುನಾಳಕ್ಕೆ ಹೋಗಿದ್ದೇವೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೊದಲ ಸಲ ಹೋದಾಗ ನಮ್ಮಲ್ಲಿ ಒಬ್ಬಳು, ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ತಾನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತದ್ದು ಇದೇ ಮೊದಲು ಎಂದಳು. ಅಲ್ಲಿಯವರೆಗೆ ಆ ಜಾಗ ಮಕ್ಕಳದಾಗಿತ್ತಂತೆ.

ಬ್ಯಾಡಗಿ ಕೆಂಪು | ಬುಧವಾರ, ಬೆಳಿಗ್ಗೆ 11.35

ಪುಕ್ಕಟೆ ಬಸ್ಸಿನಲ್ಲಿ ತಿರುಗಾಡುವುದು ಮಾನಸಿಕ ಆರೋಗ್ಯವಾಯಿತೇ? ಟಿಕೆಟಿನ ಹಣ ಕಟ್ಟುವವರು ಯಾರು?

ನವಲಗುಂದದ ಅಕ್ಕ | ಬುಧವಾರ, ಬೆಳಿಗ್ಗೆ 11.48

ತಮ್ಮಾ, ನಿಮ್ಮ ತಂದೆಯವರು 74ನೆಯ ವಯಸ್ಸಿನಲ್ಲಿ ಹೊಲದಲ್ಲಿ ನಿಂತಿದ್ದಾರೆ ಎಂದಿರಿ. ಅವರ ಬುತ್ತಿಯನ್ನು ಹೊಲಕ್ಕೆ ಒಯ್ಯುವವರು ಯಾರು, ಅವರಿಗೆ ವಯಸ್ಸೆಷ್ಟು ಎಂಬುದನ್ನೂ ಸ್ವಲ್ಪ ಬರೆಯಿರಿ.

ನಿರ್ವಾಹಕ | ಬುಧವಾರ, ಮಧ್ಯಾಹ್ನ 12.05

ಬಸ್ಸಿನ ಯೋಜನೆಯ ಪರ ವಿರೋಧದ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಮೂಲ ಪ್ರಶ್ನೆಯನ್ನು ಬಿಟ್ಟು ಹೋಗಬಾರದಾಗಿ ವಿನಂತಿ.

ಬ್ಯಾಡಗಿ ಕೆಂಪು | ಬುಧವಾರ, ಮಧ್ಯಾಹ್ನ 12.30

ಬುತ್ತಿ ಒಯ್ಯುವವರು ನಮ್ಮ ಅವ್ವ. 68 ವರ್ಷ. ಈ ಮಾತನ್ನು ಮುಂದುವರಿಸುವುದಿಲ್ಲ.

ಮಾಳಮಡ್ಡಿಯವ | ಮುಂದಿನ ಶುಕ್ರವಾರ, ರಾತ್ರಿ 8.45

ಒಂಬತ್ತು ದಿನ ಉತ್ತರಿಸದೆ ಇದ್ದುದಕ್ಕೆ ಕ್ಷಮೆ ಇರಲಿ. ಕೆಲವು ಉತ್ತರಗಳನ್ನು ಓದಿ ತಕ್ಷಣ ಬರೆಯುವುದು ಸಾಧ್ಯವಾಗಲಿಲ್ಲ.

ಸಾಧನಕೇರಿಯವರು ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ. ಹಿತ್ತಿಲಿನಲ್ಲಿ ಒಂದು ಪೇರಲ ಗಿಡ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು ಇದ್ದವು. ಪೇರಲ ಗಿಡದ ಒಂದು ಕೊಂಬೆ ಪಕ್ಕದವರ ಗೋಡೆಯ ಮೇಲೆ ಬಾಗಿತ್ತು, ಆ ಕಡೆಯ ಹಣ್ಣು ಅವರದೆಂಬುದು ನಮ್ಮ ತಂದೆಯ ಕಾಲದ ಒಪ್ಪಂದ. ಇದನ್ನು ಬರೆಯುವಾಗ ನನಗೆ ಗಂಟಲು ಕಟ್ಟಿತು. ವೈದ್ಯೆಯವರು ಅದು ರೋಗವಲ್ಲ ಎಂದಿರುವುದರಿಂದ ಧೈರ್ಯವಾಗಿ ಬರೆದಿದ್ದೇನೆ. ರಕ್ತವನ್ನೂ ಕೊಟ್ಟು ಬಂದಿದ್ದೇನೆ. ಬಿ12 ಕಡಿಮೆ ಇದೆ, ಚುಚ್ಚುಮದ್ದು ಆರಂಭವಾಗಿದೆ.

ನವಲಗುಂದದ ಅಕ್ಕನವರ ಲೆಕ್ಕಕ್ಕೆ ಉತ್ತರ ಸೊನ್ನೆ. ನಾನು ಅದೇ ದಿನ ಅಡುಗೆಮನೆಗೆ ಹೋಗಿ, ನಿನಗೇನು ಬೇಕು ಎಂದು ನಮ್ಮ ಮನೆಯವರನ್ನು ಕೇಳಿದೆ. ಅವರು ಗ್ಯಾಸಿನ ಉರಿಯನ್ನು ಸಣ್ಣದು ಮಾಡಿ, “ಮೂವತ್ತ ವರ್ಷ ಆದ ಮ್ಯಾಲೆ ಕೇಳಾಕತ್ತೀರಿ. ತಡೀರಿ, ವಿಚಾರ ಮಾಡಿ ಹೇಳತೀನಿ” ಎಂದರು. ಎರಡು ದಿನವಾದ ಮೇಲೆ ಉತ್ತರ ಬಂತು. ಗುರುವಾರ ಸಂಜೆಯ ಭಜನೆಗೆ ಅವರು ಮಾಳಮಡ್ಡಿಗೆ ಹೋಗಬೇಕು, ಕತ್ತಲಾದ ಮೇಲೆ ಒಬ್ಬರೇ ಮರಳಿ ಬರುವುದಿಲ್ಲ.

ಹಾಗಾಗಿ ನಿನ್ನೆ ಹೊಸೂರಿನವರೆಗೆ ಆಟೋದಲ್ಲಿ ಹೋಗಿ ಚಿಗರಿ ಬಸ್ಸು ಹತ್ತಿದೆವು. ಧಾರವಾಡದ ಜುಬಿಲಿ ವೃತ್ತದಲ್ಲಿ ಇಳಿದ ಮೇಲೆ ಅವರ ನಡಿಗೆಯೇ ಬೇರೆಯಾಯಿತು, ನಾನು ಹಿಂದೆ ಬಿದ್ದೆ. ಗಡಿಯಾರ ನೋಡಿಕೊಂಡರೆ ಅಂದು 6,140 ಹೆಜ್ಜೆಯಾಗಿದ್ದವು. ಅವರು ಭಜನೆಯಲ್ಲಿದ್ದಾಗ ನಾನು ನಮ್ಮ ಹಳೆಯ ಓಣಿಯ ಕಡೆಗೆ ಹೋಗುವ ಧೈರ್ಯ ಮಾಡಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು, ಅವರೊಡನೆ ಒಂದು ತಾಸು ನಿಂತೇ ಮಾತಾಯಿತು.

ಇನ್ನೊಂದು ಸಂಗತಿ. ನಮ್ಮ ಕಟ್ಟಡದ ನಿವಾಸಿಗಳ ಸಂಘದ ಎರಡು ವರ್ಷದ ರಸೀದಿಗಳು ಸಕ್ಕರೆಯ ಚೀಲವೊಂದರಲ್ಲಿ ಬಿದ್ದಿದ್ದವು. ಯಾರೂ ಕೈಹಚ್ಚುತ್ತಿಲ್ಲ ಎಂದು ತಿಳಿದು ನಾನೇ ಕೇಳಿ ತೆಗೆದುಕೊಂಡೆ. ಲಿಫ್ಟಿನ ದುರಸ್ತಿಯ ಮೊತ್ತ ಎರಡು ಸಲ ಖರ್ಚಿಗೆ ಬಿದ್ದಿದೆ. ಬೆಳಿಗ್ಗೆ ಒಂಬತ್ತೂವರೆಗೆ ಅಂಗಿ ತೊಟ್ಟು ಪೆನ್ನು ಸಿಕ್ಕಿಸಿಕೊಂಡು ಈಗ ಕೆಳಗಿನ ಕಾವಲುಗಾರನ ಕೋಣೆಗೆ ಇಳಿಯುತ್ತೇನೆ. ಹನ್ನೊಂದಕ್ಕೆ ಅವನೇ ಚಹಾ ತರಿಸುತ್ತಾನೆ, ಹಾಗಾಗಿ ಮೇಲೆ ಚಹಾ ಕೇಳುವವರು ಒಬ್ಬರು ಕಡಿಮೆಯಾಗಿದ್ದಾರೆ. ಭಾನುವಾರದ ಸಂಜೆ ಮಾತ್ರ ಇನ್ನೂ ಕಷ್ಟವೇ.

ವಿಡಿಯೋ ತರಗತಿಯವರು ಹಣ ಹಿಂದಿರುಗಿಸುವುದಿಲ್ಲ ಎಂದಿದ್ದಾರೆ. ಟ್ರೆಡ್‌ಮಿಲ್ಲನ್ನು ಮಾರಬೇಕೆಂದಿದ್ದೇನೆ.

ಬೆಟಗೇರಿ ಟೀಚರ್ | ಶುಕ್ರವಾರ, ರಾತ್ರಿ 9.02

ಭಾನುವಾರದ ಸಂಜೆ ನನಗೂ ಹಾಗೆಯೇ ಇದೆ ಸರ್. ನಾನು ಆಗ ತಪ್ಪಿದ ಪಾಠವನ್ನು ಮತ್ತೆ ನುಡಿಸುತ್ತೇನೆ, ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ.

ಬ್ಯಾಡಗಿ ಕೆಂಪು | ಶುಕ್ರವಾರ, ರಾತ್ರಿ 9.30

ಟ್ರೆಡ್‌ಮಿಲ್ಲಿಗೆ ಏನು ಹೇಳುತ್ತೀರಿ? ನಮ್ಮ ತಂದೆಗಲ್ಲ, ನನಗೇ ಬೇಕು. ನನಗೆ 41 ವರ್ಷ. ದಿನಕ್ಕೆ ಹತ್ತು ತಾಸು ದಲಾಲಿ ಅಂಗಡಿಯ ಗಾದಿಯ ಮೇಲೆ ಕುಳಿತೇ ಇರುತ್ತೇನೆ. ಕಳೆದ ವಾರ ಅವ್ವನನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ನನ್ನದನ್ನೂ ನೋಡಿದರು, ಸಕ್ಕರೆ ಅಂಚಿನಲ್ಲಿದೆಯಂತೆ. ಅವ್ವನದು ಸರಿಯಾಗಿದೆ.

ಲೆಕ್ಕದ ಮನುಷ್ಯ | ಶುಕ್ರವಾರ, ರಾತ್ರಿ 9.34

ಸವಕಳಿಯನ್ನು ಹಿಡಿದರೆ 19,000 ರೂಪಾಯಿಗಿಂತ ಹೆಚ್ಚು ಕೊಡಬೇಡಿ.

ಮಾಳಮಡ್ಡಿಯವ | ಶುಕ್ರವಾರ, ರಾತ್ರಿ 9.50

18,000ಕ್ಕೆ ಕೊಡುತ್ತೇನೆ, ಸಾಗಣೆಯ ಖರ್ಚು ತಮ್ಮದು. ಆದರೆ ಭಾನುವಾರ ಸಂಜೆಯೇ ಬಂದು ಒಯ್ಯಬೇಕು, ಚಹಾ ಕುಡಿದು ಹೋಗುವಿರಂತೆ. ಟವೆಲ್‌ಗಳನ್ನು ನಮ್ಮ ಮನೆಯವರು ಆಗಲೇ ತೆಗೆದಿಟ್ಟಿದ್ದಾರೆ.